ಬೋನಿನ ಹಗ್ಗ ಹಿಡಿದ ಕೈ

ಮೂಕಪ್ರಾಣಿಗಳ ಸೇವೆಯೆಂದರೆ ಔಷಧ ಕುಡಿಸುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ಬೀದಿಬೆಕ್ಕುಗಳನ್ನು ನೋವಾಗದಂತೆ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಹುಷಾರಾದ ಮೇಲೆ ಮತ್ತೆ ಅವುಗಳ ಬೀದಿಗೇ ತಂದು ಬಿಡುವ ಕೆಲಸವನ್ನು ವ್ರತದಂತೆ ನಡೆಸಿಕೊಂಡು ಬಂದವರು ನಮ್ಮ ಪಶು ಆಸ್ಪತ್ರೆಯ ಹಿರಿಯ ಸಹಾಯಕಿ. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಅವರೀಗ ನಿವೃತ್ತರಾಗಿದ್ದಾರೆ. ತಂತಿಯ ಬೋನನ್ನು ಸೊಂಟಕ್ಕೆ ಆನಿಸಿಕೊಂಡು ನಡೆಯುವ ಅವರಿಗೆ ಬೀದಿಯ ಮಕ್ಕಳು ಬೋನಕ್ಕ ಎಂದು ಹೆಸರಿಟ್ಟರು. ಕೊನೆಗೆ ವೈದ್ಯರ ಬಾಯಲ್ಲೂ ಅದೇ ನಿಂತಿತು.

ಸೇರಿದ ಹೊಸತರಲ್ಲಿ ಅವರ ಪಾಲಿಗಿದ್ದದ್ದು ನೆಲ ಒರೆಸುವುದು, ಕತ್ತರಿ ಚಿಮಟಗಳನ್ನು ಕುದಿಸುವುದು. ಬೋನಿನಲ್ಲಿ ಬಂದ ಬೆಕ್ಕು ತಂತಿಗೆ ಮೂತಿ ಬಡಿದುಕೊಂಡು ರಕ್ತ ಮಾಡಿಕೊಳ್ಳುವುದನ್ನು ಕಂಡು, ಒಂದು ದಿನ ಹೆಗಲ ಮೇಲಿನ ಬಟ್ಟೆಯನ್ನೇ ತೆಗೆದು ಅದರ ಮೇಲೆ ಹೊದಿಸಿದರಂತೆ. ಕತ್ತಲಾದೊಡನೆ ಬೆಕ್ಕು ಸುಮ್ಮನಾಯಿತು. ಅಂದಿನಿಂದ ನಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಹೊದಿಸದ ಬೋನಿಲ್ಲ.

ಅವರ ಸೇವೆಯಲ್ಲಿ ಮರೆಯಲಾಗದ ಪ್ರಸಂಗ ಏಳು ವರ್ಷಗಳ ಹಿಂದಿನದು. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಬೆಕ್ಕುಗಳು ಹೆಚ್ಚಿ, ಮನೆಯವರೆಲ್ಲ ಸೇರಿ ಗಡುವು ಕೊಟ್ಟಿದ್ದರು: ತಿಂಗಳೊಳಗೆ ಎಲ್ಲಕ್ಕೂ ಆಪರೇಷನ್ ಆಗಬೇಕು, ಇಲ್ಲವಾದರೆ ಗೋಣಿಚೀಲಕ್ಕೆ ತುಂಬಿ ಊರಾಚೆ ಬಿಡುತ್ತೇವೆ. ಹದಿನಾಲ್ಕರಲ್ಲಿ ಹದಿಮೂರು ಬೋನಿಗೆ ಬಂದವು. ಉಳಿದದ್ದು ಬೂದಿ ಬಣ್ಣದ ಹೆಣ್ಣು, ಬೀದಿಯವರ ಬಾಯಲ್ಲಿ ‘ಬೂದಿ’. ಮರಿಗಳಲ್ಲಿ ಅರ್ಧ ಅದರವೇ. ಬೆಕ್ಕು ಹಸಿದಿದ್ದರೆ ಮಾತ್ರ ಬೋನು ಹೊಗುತ್ತದೆಂದು, ಹಿಂದಿನ ದಿನ ಯಾರೂ ಏನೂ ಹಾಕಬಾರದೆಂದು ಬೋನಕ್ಕ ಮನೆಮನೆಗೆ ಹೇಳಿ ಬರುತ್ತಿದ್ದರು. ಆದರೂ ಮೂರು ಮುಂಜಾವು ಬೋನು ಖಾಲಿ. ನಾಲ್ಕನೆಯ ದಿನ ಬೂದಿ ಬೋನಿನ ಪಕ್ಕದಲ್ಲೇ ಕುಳಿತು ನಿಧಾನವಾಗಿ ಮೀಸೆ ನೆಕ್ಕಿಕೊಳ್ಳುತ್ತಿತ್ತು. ಅದರ ಹಿಂದಿನ ಮನೆಯ ಮೆಟ್ಟಿಲ ಮೇಲೆ ಮುದಿ ದರ್ಜಿಯೊಬ್ಬರು ಕುಳಿತಿದ್ದರು. ಬೋನಕ್ಕ ಅವರನ್ನು ಕೇಳಿದರು:

"ನಿನ್ನೆ ಬೂದಿಗೆ ಊಟ ಹಾಕಿದ್ರಾ, ಯಜಮಾನ್ರೇ?"

"ಊಟ ಎಲ್ಲಿ ಬಂತು ತಾಯಿ! ಒಂದೇ ಒಂದು ಚೂರು ಮೀನು. ಅದೂ ಬಾಲದ ಕಡೇದು."

"ಮೂರು ದಿನದಿಂದ್ಲೂ ಬಾಲಾನೇನಾ? ಎಂಥಾ ಮೀನ್ರೀ ಅದು, ಬರೀ ಬಾಲ ಇರೋದು?"

ದರ್ಜಿ ತಲೆ ತಗ್ಗಿಸಿದರು. "ಎದುರಿಗೆ ಕೂತು ಮುಖಾನೇ ನೋಡ್ತಿರುತ್ತೆ. ತುತ್ತು ಗಂಟಲಲ್ಲಿ ಇಳೀಬೇಕಲ್ಲ."

ಗಡುವಿಗೆ ಎಂಟು ದಿನ ಉಳಿದಿತ್ತು. ಹದಿನಾಲ್ಕು ಜೀವಗಳ ಅಳಿವು ಉಳಿವು ಆ ಮೆಟ್ಟಿಲ ಮೇಲೆ ನಿಂತಿತ್ತು. ಬೇರೆಯವರಾಗಿದ್ದರೆ ರೇಗುತ್ತಿದ್ದರು. ಬೋನಕ್ಕ ಅಲ್ಲೇ ಕುಳಿತು ಹೇಳಿದರು: "ಹಾಗಾದ್ರೆ ನಿಲ್ಲಿಸ್ಬೇಡಿ. ದಿನಾ ಹಾಕಿ. ಆದ್ರೆ ಬೋನಿನೊಳಗೆ ಹಾಕಿ. ಬಾಗಿಲು ಮೇಲಕ್ಕೆ ಕಟ್ಟಿ ತೆರೆದೇ ಇಟ್ಟಿರ್ತೀನಿ. ಏಳನೇ ದಿನ ಹಗ್ಗ ಎಳೆದು ಬೀಳ್ಸೋಣ."

"ನಂಬಿ ಬಂದದ್ದನ್ನ ನನ್ನ ಕೈಯಾರೆ ಹಿಡಿದು ಕೊಟ್ಟ ಹಾಗಾಗಲ್ವಾ?"

"ಅನ್ನ ನಿಮ್ಮ ಕೈಲಿರ್ಲಿ, ಹಗ್ಗ ನನ್ನ ಕೈಲಿರ್ಲಿ. ಬಾಗಿಲು ಬೀಳೋವಾಗ ಅದರ ಕಣ್ಣಿಗೆ ನಾನೇ ಕಾಣೋ ಹಾಗೆ ಎದುರಿಗೆ ನಿಲ್ತೀನಿ. ನೀವು ಒಳಗಿರಿ. ಕೋಪ ಏನಿದ್ರೂ ನನ್ನ ಮೇಲಿರ್ಲಿ."

ಹಾಗೆಯೇ ಆಯಿತು. ಏಳನೆಯ ಬೆಳಿಗ್ಗೆ ಅವರು ಬೀದಿಯ ನಡುವೆ ಮರೆಯಿಲ್ಲದೆ ನಿಂತು ಹಗ್ಗ ಎಳೆದರು. ದರ್ಜಿ ತಮ್ಮ ಹಳೆಯ ಅಂಗಿಗಳನ್ನು ಕೂಡಿಸಿ ಹೊಲಿದಿಟ್ಟಿದ್ದ ಹೊದಿಕೆಯನ್ನು ಬೋನಕ್ಕ ಬೋನಿನ ಮೇಲೆ ಎಳೆಯುವ ಮುನ್ನ ಬೂದಿ ಅವರ ಮುಖವನ್ನು ದಿಟ್ಟಿಸಿ ನೋಡಿತು. ಮರುದಿನ ಸಂಜೆ, ಚಿಕಿತ್ಸೆಯ ಗುರುತಾಗಿ ಎಡಗಿವಿಯ ತುದಿ ಕಳೆದುಕೊಂಡು ಬಂದ ಬೆಕ್ಕು ಬಾಗಿಲು ತೆರೆದದ್ದೇ ತಡ ಓಡಿಹೋಯಿತು. ಮೂರು ದಿನ ದರ್ಜಿಗೆ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅದು ಬಂದು ಮೆಟ್ಟಿಲ ಮೇಲೆ, ಅವರ ಪಾದಕ್ಕೆ ಬೆನ್ನು ತಾಗಿಸಿ ಮಲಗಿತು. ಬೀದಿಯವರ ಗೋಣಿಚೀಲಗಳು ಮೂಲೆ ಸೇರಿದವು.

ಆದರೆ ಬೋನಕ್ಕನನ್ನು ಕಂಡರೆ ಬೂದಿ ಗೋಡೆ ಹತ್ತುತ್ತಿತ್ತು. ಅದೊಂದೇ ಅಲ್ಲ. ಆ ಬಳಿಕ ಎಲ್ಲ ಬೀದಿಗಳಲ್ಲೂ ಅನ್ನ ಹಾಕುವವರನ್ನು ಒಳಗೆ ಕಳುಹಿಸಿ, ತಾವೇ ಎದುರು ನಿಂತು ಹಗ್ಗ ಎಳೆಯುವುದು ಅವರ ಪದ್ಧತಿಯಾಯಿತು. ನೂರಾರು ಬೆಕ್ಕುಗಳಿಗೆ ಅವರು ಆಯುಸ್ಸು ಕೊಟ್ಟರು. ಒಂದೂ ಅವರ ಮಡಿಲಿಗೆ ಬರಲಿಲ್ಲ. ಯಾರೋ ಇದನ್ನೇ ಹೇಳಿ ಮರುಗಿದಾಗ ಅವರು ನಕ್ಕುಬಿಟ್ಟರಂತೆ: "ಭಗವಂತನ್ನ ಬೈಯೋರು ಕಮ್ಮಿನಾ? ಅವನು ಸುಮ್ನಿಲ್ವಾ?"

ಕಳೆದ ವಾರ, ಸೇವೆಯ ಕೊನೆಯ ದಿನ, ಬೋನನ್ನು ತೊಳೆದು ಒಣಗಿಸಿ ಆಸ್ಪತ್ರೆಗೆ ಒಪ್ಪಿಸಿ, ಬರಿಗೈಯಲ್ಲಿ ಅವರು ಆ ಬೀದಿಗೆ ಹೋದರು. ದರ್ಜಿಯ ಮೆಟ್ಟಿಲ ಮೇಲೆ ಮುಪ್ಪಾದ ಬೂದಿ ಬಿಸಿಲು ಕಾಯುತ್ತಿತ್ತು. ಎದ್ದು ನಿಂತು ಅವರ ಒಂದು ಕೈ ನೋಡಿತು, ಇನ್ನೊಂದು ಕೈ ನೋಡಿತು. "ಕೂತ್ಕೊಳ್ಳಿ ತಾಯಿ, ಇವತ್ತು ಅದು ಓಡಲ್ಲ" ಎಂದರು ದರ್ಜಿ. ಬೋನಕ್ಕ ಒಂದು ಮೆಟ್ಟಿಲು ಕೆಳಗೆ ಕುಳಿತರು. ಬೂದಿ ಹತ್ತಿರ ಬರಲಿಲ್ಲ. ಇದ್ದಲ್ಲೇ ಕಾಲು ಮಡಚಿ ಮಲಗಿ, ಅವರೆದುರಿಗೇ ಕಣ್ಣು ಮುಚ್ಚಿ ನಿದ್ದೆ ಹೋಯಿತು.

ಇಷ್ಟೂ ಬೆಕ್ಕುಗಳ ಕೋಪವನ್ನು ತಾವೇ ಹೊತ್ತ ಈ ತಾಯಿಗೆ ದೇವರು ದೀರ್ಘಾಯುಸ್ಸು ಕೊಡಲಿ. ಹೊಸ ಸಹಾಯಕರಿಗೆ ಅವರ ಮಾರ್ಗದರ್ಶನ ತಪ್ಪದಿರಲಿ. ಆ ಮೆಟ್ಟಿಲ ಮೇಲಿನ ಬಿಸಿಲಿನಲ್ಲಿ ಅವರಿಗೆ ದಿನವೂ ಸ್ಥಳವಿರಲಿ.