ಎರಡೂ ಕೈ

ಇಚಲಕರಂಜಿಯ ಶಹಾಪುರದಲ್ಲಿ ನಾನು ವಿದ್ಯುತ್ ಮಗ್ಗ ನಡೆಸುತ್ತಿದ್ದಾಗ, ಕೆಟ್ಟ ಮಗ್ಗಗಳ ರಿಪೇರಿಗೆ ಒಬ್ಬ ಜಾಬರ್ ಇದ್ದರು. ಮಗ್ಗಗಳ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳಿಸುತ್ತಿರಲಿಲ್ಲ. ಅದಕ್ಕೇ ರಿಪೇರಿ ಮುಗಿದೊಡನೆ ಅವರು ಮಗ್ಗದ ಆಚೆಯಿಂದ ಎರಡೂ ಕೈ ಮೇಲೆತ್ತಿ ತೋರಿಸುವರು. ಆಮೇಲೆಯೇ ನಾವು ಹ್ಯಾಂಡಲ್ ಎಳೆಯಬೇಕು. "ಎರಡೂ ಕೈ ನೋಡಿ ಚಾಲೂ ಮಾಡೋ ತಮ್ಮಾ" ಎಂದು ಚಹಾ ಕುಡಿಯುವಾಗಲೂ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ಆ ದಿನ ನನಗೆ ದತ್ತವಾಡದ ಸಂಜೆ ಬಸ್ಸು ಹಿಡಿಯುವ ಅವಸರ. ಮದುವೆಯಾದ ಹೊಸದು, ಹೆಂಡತಿ ಅಲ್ಲಿ ತವರಿನಲ್ಲಿದ್ದಳು. ಮಗ್ಗದ ಆಚೆ ಅವರ ಎಡಗೈ ಮೇಲೆದ್ದಿತು. ಬಲಗೈ ಅದರ ಹಿಂದೆಯೇ ಬರುತ್ತದೆಂದು ಹ್ಯಾಂಡಲ್ ಎಳೆದುಬಿಟ್ಟೆ. ಬಲಗೈ ಇನ್ನೂ ಹಲ್ಲುಗಾಲಿಗಳ ನಡುವೆ ಇತ್ತು.

ಓಡಿ ಬಂದ ಮಾಲಕರಿಗೆ ಅವರು, ತಲೆಯ ರುಮಾಲನ್ನು ಕೈಗೆ ಸುತ್ತಿಕೊಳ್ಳುತ್ತಲೇ, "ಚೂಕ ನಂದ ಐತ್ರಿ. ಅಂವಗ ಏನೂ ಅನಬ್ಯಾಡ್ರಿ" ಅಂದರು. ಅಲ್ಲ, ತಪ್ಪು ನನ್ನದು ಎನ್ನಲು ನನಗೆ ಬಾಯಿ ಬರಲಿಲ್ಲ. ಮುಂದೆಂದೂ ಹೇಳಲಿಲ್ಲ. ನಾಚಿಕೆಗೇಡು, ಅವತ್ತು ಬಸ್ಸೂ ಸಿಕ್ಕಿತು.

ಕೆಲವು ತಿಂಗಳ ಮೇಲೆ ಅವರು ಕೆಲಸಕ್ಕೆ ಮರಳಿದಾಗ ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಉಳಿದಿದ್ದವು. ಹಳೆಯ ರೂಢಿಯನ್ನು ಬಿಡಲಿಲ್ಲ. ನನ್ನ ಮಗ್ಗ ಸರಿ ಮಾಡಿದಾಗಲೂ ಎರಡೂ ಕೈ ಎತ್ತುತ್ತಿದ್ದರು. ನಾನು ನೆಲ ನೋಡುತ್ತ ನಿಂತುಬಿಡುತ್ತಿದ್ದೆ. ತಲೆ ಎತ್ತಿ ನೋಡುವ ತನಕ ಅವರು ಕೈ ಇಳಿಸುತ್ತಿರಲಿಲ್ಲ.