ಮೂರು ದುಪಟ್ಟಾ, ನಲವತ್ತು ಪಾಠ

ಮಸರತಳ ಚೀಲದಲ್ಲಿ ಯಾವಾಗಲೂ ಮೂರು ದುಪಟ್ಟಾ ಇರುತ್ತಿದ್ದವು. ಒಂದು ಹಸಿರು, ಒಂದು ನೀಲಿ, ಒಂದು ಇಟ್ಟಿಗೆ ಬಣ್ಣದ್ದು. ಮೈಮೇಲಿನದು ಸೇರಿದರೆ ನಾಲ್ಕು. ಆಕೆ ಆರನೆಯ ತರಗತಿಯ ಬಾಗಿಲಲ್ಲಿ ನಿಂತು ಚೀಲದ ಜಿಪ್ಪು ಎಳೆದಳೆಂದರೆ ಮಕ್ಕಳು ಪುಸ್ತಕ ಮುಚ್ಚಿಬಿಡುತ್ತಿದ್ದರು.

"ಇವತ್ತ ಎಷ್ಟ ದಿನಾರಿ ಟೀಚರ್?"

"ನಾಕು."

"ನಾಕ ದಿನಾ ಅಂತಲೇ!" ಎಂದು ಕೂಗಿ ಮುಂದಿನ ಸಾಲಿನವರು ಹಿಂದಕ್ಕೆ, ಹಿಂದಿನವರು ಮುಂದಕ್ಕೆ ಓಡುತ್ತಿದ್ದರು. ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಸರತಳ ಜೊತೆಗೆ ಬಿ.ಎಡ್. ಓದುತ್ತ ಅದೇ ಶಾಲೆಗೆ ತರಬೇತಿಗೆ ಬಂದಿದ್ದ ಘತ್ತರಗಿಯ ಸಂತೋಷಕುಮಾರ ಬೋರ್ಡಿನ ಮೇಲಿನ ತಾರೀಖು ಅಳಿಸಿ ಬೇರೆ ಬರೆಯುತ್ತಿದ್ದ. ಆಕೆಯ ಫೋನಿನ ತಾರೀಖನ್ನೂ ಹಿಂದಕ್ಕೆ ತಿರುಗಿಸುತ್ತಿದ್ದ. ಆಕೆ ದುಪಟ್ಟಾ ಬದಲಿಸಿ ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಲ್ಲುತ್ತಿದ್ದಳು. ಮಕ್ಕಳು ಕೈ ಎತ್ತುತ್ತಿದ್ದರು. ಒಂದು ಫೋಟೋ, ಒಂದು ದಿನ. ಆಮೇಲೆ ಸಂತೋಷಕುಮಾರನ ಸರದಿ. ಅವನ ಚೀಲದಲ್ಲಿ ಅಂಗಿಗಳಿದ್ದವು.

ಇದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಪಾಠ ತುಂಬುವುದು ಅನ್ನುತ್ತಿದ್ದರು. ಬಿ.ಎಡ್. ಮುಗಿಯಬೇಕಾದರೆ ಶಾಲೆಯಲ್ಲಿ ನಲವತ್ತು ಪಾಠ ಮಾಡಬೇಕು, ಪ್ರತಿ ಪಾಠದ ಫೋಟೋವನ್ನು ಕಾಲೇಜಿನ ಆ್ಯಪಿಗೆ ಏರಿಸಬೇಕು. ಏರಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಇತ್ತ ಕಾಲೇಜಿನವರು ವಾರಕ್ಕೆರಡು ಸಲ ಸೆಮಿನಾರು ಎಂದು ಆಳಂದಕ್ಕೆ ಕರೆಸುತ್ತಿದ್ದರು. ಶಾಲೆಗೆ ಬಂದ ದಿನ ಹೆಡ್‌ಮಾಸ್ತರ ಮಲ್ಲಣ್ಣ, "ಮೇಡಂ, ಒಂದೀಟ ಈ ಮಕ್ಕಳ ಆಧಾರ ನಂಬರ ಹೊಡದ ಕೊಡ್ರಿ" ಎಂದು ಕೂರಿಸುತ್ತಿದ್ದ. ಪಾಠ ಮಾಡಲು ಉಳಿಯುತ್ತಿದ್ದದ್ದು ವಾರಕ್ಕೊಂದು ದಿನ. ಆ ಒಂದು ದಿನವನ್ನು ನಾಲ್ಕು ಮಾಡಬೇಕಿತ್ತು.

ಮಸರತಳ ಊರು ಮಾದನಹಿಪ್ಪರಗಾ. ವಯಸ್ಸು ಮೂವತ್ತೊಂದು. ಬಿ.ಎ. ಮುಗಿಸಿದ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷ ಕಲಿಸಿದ್ದಳು. ಕರೋನಾ ಬಂದಾಗ ಅಲ್ಲಿನವರು ಪಾಠವನ್ನೆಲ್ಲ ಫೋನಿಗೆ ಹಾಕಿರಿ ಅಂದರು. ನಲವತ್ತೆರಡು ಮಕ್ಕಳಲ್ಲಿ ಫೋನಿದ್ದ ಮನೆ ಒಂಬತ್ತು. ಆ ಒಂಬತ್ತರಲ್ಲಿ ಹಗಲು ಹೊತ್ತು ಮನೆಯಲ್ಲಿರುತ್ತಿದ್ದ ಫೋನು ಎರಡು. ಆ ಎರಡು ಫೋನಿಗೆ ಆಕೆ ಎಂಟು ತಿಂಗಳು ಗಂಟಲು ಹರಿದುಕೊಂಡಳು. ಶಾಲೆ ತೆರೆದಾಗ, ಈಗ ಎಲ್ಲಾ ವಿಡಿಯೋ ಅದಾವಲ್ಲ ಎಂದು ಐವರು ಟೀಚರುಗಳಲ್ಲಿ ಮೂವರನ್ನು ಮನೆಗೆ ಕಳಿಸಿದರು. ಮೂವರಲ್ಲಿ ಈಕೆಯೂ ಒಬ್ಬಳು. ವಿಡಿಯೋದಲ್ಲಿದ್ದದ್ದು ಈಕೆಯದೇ ದನಿ.

ಹಾಗಂತ ಫೋನಿಗೆ ಬೈಯಲು ಹೋದರೆ ಅರ್ಧಕ್ಕೇ ಬಾಯಿ ಕಟ್ಟುತ್ತಿತ್ತು. ಬಿ.ಎಡ್. ಮೊದಲ ಸೆಮಿಸ್ಟರಿನಲ್ಲಿ ಮನೋವಿಜ್ಞಾನ ಫೇಲಾಗಿತ್ತು. ಕಾಲೇಜಿನಲ್ಲಿ ಆ ವಿಷಯಕ್ಕೆ ಮೇಷ್ಟ್ರೇ ಇರಲಿಲ್ಲ. ಧಾರವಾಡದ ಕಡೆಯ ಯಾರೋ ಒಬ್ಬ ಮೇಡಂ ಫೋನಿನಲ್ಲಿ ಪುಕ್ಕಟೆ ಹೇಳುತ್ತಿದ್ದದ್ದನ್ನು ರೊಟ್ಟಿ ಬಡಿಯುತ್ತ ಕೇಳಿ ಪಾಸಾದಳು. ತಾಯಿ ಪ್ಯಾರಿಬಿ ಒಲೆ ಮುಂದೆ ಕೂತು, "ಆ ಮೇಡಂ ನಡುವ ಉಸಿರರ ತಗೋತಾಳೇನ ನೋಡು" ಎನ್ನುತ್ತಿದ್ದಳು. ಕಸಿದುಕೊಂಡದ್ದೂ ಅದೇ, ಕೊಟ್ಟದ್ದೂ ಅದೇ. ಮೂಲೆಯಲ್ಲಿ ಒಡೆದಿದ್ದ ಆ ಫೋನು ತಮ್ಮ ಜಾವೀದ ಬಳಸಿ ಬಿಟ್ಟದ್ದು.

ಪಾಠ ತುಂಬುವ ಕೆಲಸದಲ್ಲಿ ಒಂದು ಸಲ ಎಡವಟ್ಟಾಯಿತು. ಆ್ಯಪಿನ ಪಟ್ಟಿಯಲ್ಲಿದ್ದ ತಾರೀಖುಗಳನ್ನು ಸಂತೋಷಕುಮಾರ ಓದುತ್ತ ಹೋದ, ಈಕೆ ದುಪಟ್ಟಾ ಬದಲಿಸುತ್ತ ಹೋದಳು. ಮರುದಿನ ಊಟದ ಹೊತ್ತಿನಲ್ಲಿ ಬಿಸಿಯೂಟದ ಸುಮಿತ್ರಾಬಾಯಿ ಫೋನು ಇಸಿದುಕೊಂಡು ಫೋಟೋ ನೋಡಿದಳು. ಬೆರಳಿಟ್ಟು ತಾರೀಖು ಓದಿ ಸಂತೋಷಕುಮಾರನ ಕಡೆ ತಿರುಗಿದಳು.

"ಏ ಮಾಸ್ತರ, ಇದು ಎಳ್ಳಮಾವಾಸಿ ಅಲ್ಲೇನೋ?"

ಹೌದು. ಎಳ್ಳಮಾವಾಸ್ಯೆ ದಿನ ಈ ಸೀಮೆಯಲ್ಲಿ ಊರೊಳಗೆ ನಾಯಿಯೂ ಉಳಿಯುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿರೊಟ್ಟಿ, ಕಡಬು ತಿಂದು ಮರದ ನೆರಳಿಗೆ ಬಿದ್ದುಕೊಂಡಿರುತ್ತಾರೆ. ಆ ದಿನ ಬೀಗ ಹಾಕಿದ ಶಾಲೆಯೊಳಗೆ ಇಪ್ಪತ್ತೆಂಟು ಮಕ್ಕಳು ಕೈ ಎತ್ತಿ ಕೂತಿದ್ದರು. ನಡುವೆ ನೀಲಿ ದುಪಟ್ಟಾದ ಮಸರತ.

"ಅವತ್ತ ಅಡಗಿ ಮಾಡ್ದಾಕಿ ನಾ ಅಲ್ಲವ್ವ. ಯಾರ ಬಂದ ಉಣಿಸಿ ಹೋಗ್ಯಾರ ಕೇಳಿಕೋರಿ," ಎಂದು ಸುಮಿತ್ರಾಬಾಯಿ ಸೌಟು ತಗೊಂಡು ಹೋದಳು.

ಪಕ್ಕದಲ್ಲಿ ಕೂತಿದ್ದ ಮಲ್ಲಣ್ಣ ತುತ್ತು ಕೆಳಗಿಟ್ಟ. ಇಪ್ಪತ್ತೆಂಟು ಮಂದಿ ಹಾಜರಿ, ಊಟ ಮಾತ್ರ ಇಲ್ಲ ಎಂದು ಯಾರಾದರೂ ಕೇಳಿದರೆ? ಆದರೆ ಯಾರೂ ಕೇಳಲಿಲ್ಲ. ಆ್ಯಪು ಹಸಿರು ತೋರಿಸಿತು.

"ಅದಕ್ಕೇನ ಹೊಲಾ ಅದನೋ ಮನಿ ಅದನೋ. ಎಳ್ಳಮಾವಾಸಿ ಹೆಂಗ ತಿಳೀಬೇಕು," ಎಂದ ಸಂತೋಷಕುಮಾರ. ಮಸರತಳಿಗೆ ನಗು ಬಂತು. ಮನೆಗೆ ಹೋಗುವ ಬಸ್ಸಿನಲ್ಲಿ ಆ ನಗು ಇಳಿದು, ಬರೀ ದಣಿವು ಉಳಿಯಿತು. ಮಾಡದ ಪಾಠವೂ ಇಷ್ಟು ದಣಿಸುತ್ತದೆ ಎಂದು ಆಕೆಗೆ ಗೊತ್ತಿರಲಿಲ್ಲ.

ಮೂವತ್ತೊಂಬತ್ತು ಹಸಿರಾದವು. ನಲವತ್ತನೆಯದು ಮಾತ್ರ ಬೇರೆ ತರಹದ್ದು. ನಿಧಾನವಾಗಿ ಕಲಿಯುವ ಒಂದು ಮಗುವನ್ನು ಮೊದಲೇ ಆರಿಸಿ ಹೆಸರು, ಫೋಟೋ ಕೊಟ್ಟಿರಬೇಕು. ಆ ಮಗುವಿಗೆ ತಂತ್ರಜ್ಞಾನ ಬಳಸಿ ಓದಿಸಿದ ಫೋಟೋ ಕೊನೆಗೆ ಏರಿಸಬೇಕು. ಮಸರತ ಯೋಚಿಸದೆ ಹಿಂದಿನ ಬೆಂಚಿನ ವಿಜಯಶ್ರೀಯ ಹೆಸರು ಕೊಟ್ಟಿದ್ದಳು. ಎಲ್ಲ ಟೀಚರೂ ಆಕೆಯನ್ನೇ ತೋರಿಸುತ್ತಿದ್ದರು. ಬೋರ್ಡಿನ ಮೇಲಿನದನ್ನು ಬರೆದುಕೊಳ್ಳುವುದಿಲ್ಲ, ಓದೆಂದರೆ ಪಕ್ಕದವಳು ಹೇಳಿದ್ದನ್ನೇ ಹೇಳುತ್ತಾಳೆ, ಅದಕ್ಕೆ ತಲೆಯಿಲ್ಲ ಬಿಡ್ರಿ ಎನ್ನುತ್ತಿದ್ದರು.

ತರಬೇತಿಯ ಕೊನೆಯ ದಿನ ಬೆಳಿಗ್ಗೆ ಮಸರತ ವಿಜಯಶ್ರೀಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಪಾಠದ ಹಾಳೆಯೊಂದರ ಫೋಟೋ ಫೋನಿನಲ್ಲಿತ್ತು, ಬೇರು ಮಣ್ಣನ್ನು ಹಿಡಿದಿಡುವ ಬಗ್ಗೆ. ಹುಡುಗಿ ಫೋನು ಇಸಿದುಕೊಂಡು ಎರಡು ಬೆರಳಿಂದ ಹಿಗ್ಗಿಸಿದಳು. ಇನ್ನೂ ಹಿಗ್ಗಿಸಿದಳು. ಒಂದು ಅಕ್ಷರ ಇಡೀ ಪರದೆ ತುಂಬಿದಾಗ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದಳು.

"ಬೇ," ಅಂದಳು. ಬೆರಳು ಸರಿಸಿದಳು. "ರು. ಬೇರು."

ಮಸರತ ಹುಡುಗಿಯ ಕಡೆಗೆ ತಿರುಗಿ ಕೂತಳು.

"ನಿನಗ ಅಕ್ಷರ ಬರ್ತಾವೇನಬೇ?"

"ಅಂಗನವಾಡಿ ಗ್ವಾಡಿ ಮ್ಯಾಗ ಇಷ್ಟಿಷ್ಟ ದೊಡ್ಡ ಬರದಿದ್ರಲ್ರಿ. ಅವಷ್ಟೂ ಬರ್ತಾವ. ಪುಸ್ತಕದಾಗಿನವು ಕಾಣಂಗಿಲ್ಲ."

"ಚಸ್ಮಾ ಕೊಟ್ಟಿದ್ರಂತಲ್ಲ?"

"ಹಾಕೊಂಡ್ರೂ ಅಷ್ಟರಿ."

ಐದೂವರೆ ವರ್ಷ. ಎಷ್ಟು ಜನ ಟೀಚರು, ಎಷ್ಟು ಸಲ ಕಣ್ಣಿನ ತಪಾಸಣೆ. ಯಾರೂ ಕಾಣದ್ದನ್ನು ಜಾವೀದನ ಒಡೆದ ಫೋನು ಒಂದು ನಿಮಿಷದಲ್ಲಿ ತೋರಿಸಿತು. ಅದನ್ನು ಕಾಣದೆ ಹೋದವರಲ್ಲಿ ತಾನೂ ಒಬ್ಬಳು ಎಂಬುದು ಮಸರತಳಿಗೆ ತಕ್ಷಣ ಹೊಳೆಯಿತು. ಎಳ್ಳಮಾವಾಸ್ಯೆಯ ಫೋಟೋದಲ್ಲಿ ಈ ಹುಡುಗಿಯೂ ಕೈ ಎತ್ತಿದ್ದಳು.

ವಿಜಯಶ್ರೀ ಬಿಡಲಿಲ್ಲ. ಅಕ್ಷರಕ್ಕೆ ಅಕ್ಷರ ಜೋಡಿಸುತ್ತ ಇಡೀ ಅವಧಿ ಓದಿದಳು. ತರಗತಿ ತಾನಾಗಿಯೇ ಸದ್ದಡಗಿತು. ಯಾರೋ ಒಬ್ಬ ಮುಂದಿನ ಶಬ್ದ ಹೇಳಿಕೊಡಲು ಹೋದ.

"ಸುಮ್ಕ ಕುಂದರಲೇ, ನಾ ಓದಾಕತ್ತೇನಿ," ಎಂದು ಗದರಿದಳು.

ಗಂಟೆ ಹೊಡೆದಾಗ ಎರಡು ಪ್ಯಾರಾ ಮುಗಿದಿತ್ತು. ಸಂತೋಷಕುಮಾರ ಬಾಗಿಲಲ್ಲಿ ನಿಂತು, "ಫೋಟೋ ಹೊಡದ್ರೇನ್ರಿ?" ಎಂದ. ಮಸರತ ಹಣೆ ಹಿಡಿದುಕೊಂಡಳು. ಎಲ್ಲಿಂದ ಹೊಡೆಯುವುದು? ಆಕೆಯ ಆ್ಯಪು ಆಕೆಯ ಫೋನಿನಲ್ಲಿ ಮಾತ್ರ ತೆರೆಯುತ್ತಿತ್ತು. ಫೋಟೋ ಅದರೊಳಗಿನಿಂದಲೇ ಹೊಡೆಯಬೇಕು. ಫೋನು ಹುಡುಗಿಯ ಮೂಗಿನ ಮುಂದಿತ್ತು.

ಊರೊಳಗೆ ನೆಟ್‌ವರ್ಕ್ ಸಿಗುವುದು ನೀರಿನ ಟಾಕಿಯ ಮೆಟ್ಟಿಲ ಮೇಲೆ. ಮಧ್ಯಾಹ್ನ ಮಸರತ ಹೋದಾಗ ಅಲ್ಲಿ ಆಗಲೇ ಮಲ್ಲಣ್ಣ ಮಕ್ಕಳು ಮೊಟ್ಟೆ ತಿಂದ ಫೋಟೋ ಏರಿಸಲು ಕೈ ಎತ್ತಿ ನಿಂತಿದ್ದ. ಮಸರತ ಎರಡು ಮೆಟ್ಟಿಲು ಕೆಳಗೆ ನಿಂತು ಕಾಲೇಜಿನ ಮಾರ್ಗದರ್ಶಕ ಸುನೀಲಕುಮಾರ ಸರ್‌ಗೆ ಫೋನು ಹಚ್ಚಿದಳು. ನಡೆದದ್ದನ್ನೆಲ್ಲ ಹೇಳಿದಳು.

"ಭಾಳ ಚಲೋ ಆತ್ರಿ ಮೇಡಂ," ಎಂದರು ಅವರು. "ಫೋಟೋ ಎಲ್ಲದ?"

"ಇಲ್ರಿ ಸರ್. ಪಾಠ ಆಗ್ಯಾದ. ನೀವ ಬಂದ ನೋಡ್ರಿ, ಹುಡುಗಿ ಓದ್ತಾಳ."

"ಅರವತ್ತ ಮಂದಿ ಇದ್ದೀರಿ, ಅಫಜಲಪುರದಿಂದ ಜೇವರ್ಗಿ ತನಕ. ಎಲ್ಲಿ ಅಂತ ಬರ್ಲಿ? ಐದಕ್ಕ ಆ್ಯಪ್ ಬಂದ್ ಆಗ್ತದ. ಕೆಂಪ ಉಳೀತಂದ್ರ ಹಾಲ್ ಟಿಕೇಟ್ ಬರಂಗಿಲ್ಲ, ಮುಂದಿನ ವರ್ಷ ಮತ್ತ ಒಂದರಿಂದ ನಲವತ್ತು."

"ಸರ್, ನಂದ ಎಳ್ಳಮಾವಾಸಿ ದಿನದ್ದೊಂದ ಹಸರ ಆಗ್ಯಾದ. ಅದು ಸುಳ್ಳು. ಅದನ್ನ ಹಿಡದವ್ರು ಇವತ್ತಿನ ಖರೇದನ್ನೂ ಹಿಡೀರಿ."

ಆ ಕಡೆ ಸುನೀಲಕುಮಾರ ಸರ್ ಕೂಡ ದಣಿದವರೇ. ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅವರ ಕೆಲಸ ಕಾಯಂ ಆಗಿರಲಿಲ್ಲ.

"ಹಸರ ಆಗಿದ್ದನ್ನ ಯಾಕ ಕೆದರ್ತೀರಿ ತಾಯಿ? ಒಂದ ಫೋಟೋ ಹಾಕಿ ಮುಗಸ್ರಿ."

ಮಸರತ ಮೆಟ್ಟಿಲ ಮೇಲೆಯೇ ಕೂತಳು. ಇನ್ನೊಂದು ವರ್ಷ ಅಂದರೆ ಮೂವತ್ತೆರಡು. ಮತ್ತೆ ಅದೇ ಬಸ್ಸು, ಅದೇ ದುಪಟ್ಟಾ. ಮೇಲಿನ ಮೆಟ್ಟಿಲಿಂದ ಮಲ್ಲಣ್ಣ, "ಹುಡುಗಿಗಿ ಬೇಕಾದ್ರ ನನ್ನ ಫೋನ್ ಕೊಡ್ತಿದ್ದೆರಿ, ಈ ಮೊಟ್ಟಿ ಹೋಗವಲ್ಲವು," ಎಂದ. ಸಂತೋಷಕುಮಾರನ ಫೋನು ಅವನ ಕೊನೆಯ ಪಾಠದ ಜೊತೆ ಏಳನೆಯ ತರಗತಿಯಲ್ಲಿತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇದ್ದಾಗ ಆಕೆ ತರಗತಿಗೆ ಹೋದಳು.

"ಎಷ್ಟ ದಿನಾರಿ ಟೀಚರ್?"

"ಒಂದ. ವಿಜಯಶ್ರೀ, ಮುಂದ ಬಾ. ಪುಸ್ತಕ ತಗೋ."

ಹುಡುಗಿ ಬಂದು ಕೂತಳು. ಕೈ ಚಾಚಿದಳು. "ಫೋನ್ ಕೊಡ್ರಿ. ಮೂರನೇದ್ದ ಓದ್ತೇನಿ."

"ಫೋನ್ಲೆ ಫೋಟೋ ಹೊಡೀಬೇಕವ್ವ. ನೀ ಪುಸ್ತಕ ಹಿಡಕೋ."

"ಪುಸ್ತಕದಾಗ ನನಗ ಕಾಣಂಗಿಲ್ಲಲ್ರಿ."

"ಓದಿದಂಗ ಮಾಡು." ಅಂದ ಮೇಲೆ ತನ್ನ ದನಿ ತನಗೇ ಕೇಳಿಸಿತು.

"ಹಂಗೇನ್ರಿ," ಎಂದಳು ಹುಡುಗಿ. ಬೇಜಾರೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ಅದು ನನಗ ಬರ್ತದರಿ."

ಪುಸ್ತಕವನ್ನು ಕಣ್ಣಿಗೆ ಹತ್ತಿರ ತರಲಿಲ್ಲ. ಎಲ್ಲರೂ ಹಿಡಿಯುವಷ್ಟೇ ದೂರದಲ್ಲಿ ಹಿಡಿದಳು. ಸಾಲಿನ ಕೆಳಗೆ ಬೆರಳು ಇಟ್ಟು ಎಡದಿಂದ ಬಲಕ್ಕೆ ಸರಿಸಿದಳು, ತುಟಿ ಆಡಿಸಿದಳು, ಸಾಲು ಮುಗಿಯುವ ಹೊತ್ತಿಗೆ ಸರಿಯಾಗಿ ಕಣ್ಣನ್ನು ಕೆಳಗಿನ ಸಾಲಿಗೆ ಇಳಿಸಿದಳು. ಐದೂವರೆ ವರ್ಷದ ರೂಢಿ. ಫೋಟೋ ಚೆಂದ ಬಂತು. 'ತಂತ್ರಜ್ಞಾನ ಬಳಸಲಾಗಿದೆಯೇ' ಎಂದು ಆ್ಯಪು ಕೇಳಿತು. ಮಸರತ 'ಹೌದು' ಒತ್ತಿದಳು. ಟಾಕಿಯ ಮೆಟ್ಟಿಲು ಹತ್ತಿದಳು. ಹಸಿರಾಯಿತು.

ತಿರುಗಿ ಬಂದಾಗ ಮಕ್ಕಳು ಹೋಗಿದ್ದರು. ವಿಜಯಶ್ರೀ ಮಾತ್ರ ಕೂತಿದ್ದಳು, ಕೈ ಚಾಚಿಕೊಂಡೇ. ಮಸರತ ಫೋನು ಕೊಟ್ಟಳು. ಹುಡುಗಿ ಮೂರನೆಯ ಪ್ಯಾರಾ ಹಿಡಿದಳು. 'ಬೇರುಗಳು ಮಣ್ಣಿನ' ಎಂಬಲ್ಲಿಗೆ ಬಂದಾಗ ಬ್ಯಾಟರಿ ಸತ್ತು ಪರದೆ ಕಪ್ಪಾಯಿತು.

"ಮಣ್ಣಿಂದು ಏನ್ ಮಾಡ್ತಾವರಿ?"

"ಕಣಗಳನ್ನ ಹಿಡಕೊಂಡಿರ್ತಾವ."

"ನೀವ ಹೇಳಬ್ಯಾಡ್ರಿ. ನಾ ನಾಳಿಗಿ ಓದ್ತೇನಿ."

ನಾಳೆ ಮಸರತ ಬರುವವಳಲ್ಲ. ಫೋನೂ ಬರುವುದಿಲ್ಲ. ಆಕೆ ಮೂಲೆಯಲ್ಲಿ ಸುತ್ತಿಟ್ಟಿದ್ದ ತನ್ನ ಹಳೆಯ ಚಾರ್ಟುಗಳನ್ನು ತಂದಳು. ಹೃದಯದ ಚಿತ್ರ, ಜಲಚಕ್ರ, ಕರ್ನಾಟಕದ ನಕ್ಷೆ. ಬೋರಲು ಹಾಕಿ ನೆಲದ ಮೇಲೆ ಹಾಸಿದಳು. ಕಪ್ಪು ಸ್ಕೆಚ್ ಪೆನ್ನು ತೆಗೆದು, ಪುಸ್ತಕ ನೋಡಿಕೊಂಡು ಅಂಗನವಾಡಿ ಗೋಡೆಯ ಅಕ್ಷರದಷ್ಟು ದೊಡ್ಡದಾಗಿ ಬರೆಯತೊಡಗಿದಳು. ಒಂದು ಚಾರ್ಟಿಗೆ ಹಿಡಿಸಿದ್ದು ಏಳೇ ಶಬ್ದ. ಪುಸ್ತಕಕ್ಕೆ ನೂರಾ ಮೂವತ್ತು ಪುಟ. ಲೆಕ್ಕ ಹಾಕಬಾರದೆಂದು ಲೆಕ್ಕ ಹಾಕಲಿಲ್ಲ. ಹುಡುಗಿ ಅಂಗೈ ಊರಿ ಹಾಳೆಯ ಮೇಲೆ ಬಗ್ಗಿ ಹಿಂದೆ ಹಿಂದೆ ಓದುತ್ತ ಬಂದಳು.

ಐದರ ಬಸ್ಸು ಹಾರನ್ ಹಾಕಿ ಹೋಯಿತು. ಸುಮಿತ್ರಾಬಾಯಿ ಕೋಣೆಗೆ ಬೀಗ ಹಾಕಲು ಬಂದು ಬಾಗಿಲಲ್ಲಿ ನಿಂತಳು.

"ಇದೇನವ್ವ, ಎಲ್ಲಾ ಹಸರ ಆತಂದ್ರಲ್ಲ?"

"ಆತ್ರಿ."

"ಮತ್ತ ಇದು?"

"ಇದು ಇವತ್ತಿಂದು," ಎಂದಳು ಮಸರತ.

"ನಾಳಿಗಿ ಯಾರ ಬರೀತಾರ?"

ಮಸರತಳ ಪೆನ್ನಿನ ಮಸಿ ತೆಳುವಾಗುತ್ತಿತ್ತು. ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಂಡು ಮುಂದಿನ ಅಕ್ಷರ ಬರೆದಳು. ಸುಮಿತ್ರಾಬಾಯಿ ಬೀಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ಕೂತಳು.