ಮೂರು ಗಂಟೆಗೆ ಮನೆಗೆ ಬಿಡುವ ವಿಮಾನ

ನನ್ನ ಭಾವನನ್ನು ನಮ್ಮ ಕಂಪನಿಯಲ್ಲಿ ಎಲ್ಲರೂ ಭಾವ ಎಂದೇ ಕರೆಯುತ್ತಾರೆ. ತಪ್ಪು ನನ್ನದು. ಏಳು ವರ್ಷದ ಹಿಂದೆ ಕೋ-ಪೈಲಟ್ ಆಗಿ ಕೆಲಸಕ್ಕೆ ಸೇರಿದ ದಿನ, ಪೈಲಟ್‌ಗಳೆಲ್ಲ ಕೂತಿದ್ದ ಕೋಣೆಯಲ್ಲಿ ಅಕ್ಕನ ಗಂಡನನ್ನು ಕಂಡ ಖುಷಿಗೆ "ಭಾವಾ!" ಎಂದು ಕೂಗಿಬಿಟ್ಟೆ. ಅಂದಿನಿಂದ ಯಾರಿಗೆ ಯಾವ ಹಾರಾಟವೆಂಬ ರೋಸ್ಟರ್ ಬರೆಯುವ ಮೇಡಂನಿಂದ ಹಿಡಿದು ಇಂಧನ ತುಂಬಿಸುವವರ ತನಕ ಎಲ್ಲರಿಗೂ ಅವರು ಭಾವ. ಅವರಿಗೇನೂ ಬೇಸರವಿಲ್ಲ. "ಇಷ್ಟೊಂದು ಭಾವಮೈದುನರನ್ನ ಸಾಕೋದು ಹೇಗಯ್ಯಾ?" ಎಂದು ನಗುತ್ತಾರೆ, ಅಷ್ಟೇ.

ಭಾವನಿಗೆ ಐವತ್ತರ ಹತ್ತಿರ ವಯಸ್ಸು. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಓದುವ ಕನ್ನಡಕ ಸದಾ ಕೊರಳಲ್ಲಿ ನೇತಾಡುತ್ತಿರುತ್ತದೆ. ಹೆಗಲ ಮೇಲೆ ಮೂರು ಚಿನ್ನದ ಪಟ್ಟಿ. ಕ್ಯಾಪ್ಟನ್ನರಿಗೆ ನಾಲ್ಕು. ವಿಮಾನದ ಮೂತಿಯಲ್ಲಿ ಎಡಗಡೆ ಕೂರುವವನು ಕ್ಯಾಪ್ಟನ್, ಬಲಗಡೆ ಕೂರುವವನು ಕೋ-ಪೈಲಟ್. ಭಾವ ಹದಿನಾರು ವರ್ಷದಿಂದ ಬಲಗಡೆಯೇ ಕೂತಿದ್ದಾರೆ. ಸಾಮಾನ್ಯವಾಗಿ ಏಳೆಂಟು ವರ್ಷಕ್ಕೆ ಜನ ಎಡಕ್ಕೆ ಹೋಗಿಬಿಡುತ್ತಾರೆ. ಇವರು ಹೋಗಲಿಲ್ಲ. ಹೆದರಿಕೆ ಎಂದು ಕೆಲವರು ಪಿಸುಗುಟ್ಟುತ್ತಿದ್ದರು. ಬಾಯಿ ಬಿಟ್ಟು ಹೇಳದಿದ್ದರೂ ನಾನೂ ಹಾಗೇ ಅಂದುಕೊಂಡಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಕೋಣೆಯಲ್ಲಿ ಒಂದು ಉದ್ದ ಮೇಜು, ಪಕ್ಕಕ್ಕೆ ಎರಡು ಏಟು ಕೊಟ್ಟರೆ ಮಾತ್ರ ಕಾಫಿ ಸುರಿಸುವ ಒಂದು ಯಂತ್ರ, ಗೋಡೆ ತುಂಬ ಹವಾಮಾನದ ಪರದೆಗಳು. ಈ ವರ್ಷ ಅಲ್ಲಿ ಬೇರೆ ಮಾತೇ ಇಲ್ಲ. ಹದಿನೆಂಟು ವಿಮಾನದ ಕಂಪನಿ ಮೂರು ವರ್ಷದಲ್ಲಿ ನಲವತ್ತು ವಿಮಾನದ್ದಾಗಲಿದೆ. ಯಾವ ವಿಮಾನ ಬರುತ್ತದೆ, ಯಾರಿಗೆ ಸಿಗುತ್ತದೆ ಎಂದು ದಿನಾ ಸಂತೆ. ಎಲ್ಲರಿಗಿಂತ ದೊಡ್ಡ ಗಂಟಲು ಜಂಬೋನದು. ಅವನು ಒಬ್ಬ ಕ್ಯಾಪ್ಟನ್. ಅಗಲ ವಿಮಾನಗಳ ಹುಚ್ಚಿಗೆ ಆ ಹೆಸರು ಬಿತ್ತು.

"ಸೀಟುಗಳ ನಡುವೆ ಎರಡು ದಾರಿ ಇರೋ ದೊಡ್ಡ ವಿಮಾನ ಬರ್ಲಿ, ಮೊದಲನೇ ಹೆಸರು ನಂದು. ಹತ್ತು ಗಂಟೆ ಹಾರೋದು, ಎರಡು ದಿನ ಹೋಟ್ಲಲ್ಲಿ ಬಿದ್ಕೊಳ್ಳೋದು. ಅದು ಜೀವನ!" ಎಂದು ಮೇಜು ಕುಟ್ಟುತ್ತಿದ್ದ. ಇನ್ನೊಬ್ಬರು ರೆಕ್ಕೆಯ ಮೇಲೆ ಪಂಖ ತಿರುಗುವ ಪುಟ್ಟ ವಿಮಾನವೇ ಕೈಗೆ ಹಿತ ಎನ್ನುತ್ತಿದ್ದರು. ನಾನು ಹೊಸ ಜೆಟ್‌ನ ಪರದೆಗಳ ಚೆಂದ ಹೇಳುತ್ತಿದ್ದೆ. ಒಂದು ದಿನ ಜಂಬೋ ಭಾವನನ್ನು ಕೆಣಕಿದ. "ನಿಮಗ್ಯಾವುದು ಇಷ್ಟ ಭಾವ? ಹದಿನಾರು ವರ್ಷದಲ್ಲಿ ಒಂದು ದಿನಾನೂ ಬಾಯಿ ಬಿಟ್ಟಿಲ್ಲ ನೀವು."

ಭಾವ ಕಾಫಿ ಯಂತ್ರಕ್ಕೆ ಎರಡನೇ ಏಟು ಕೊಟ್ಟು ಹೇಳಿದರು. "ಯಾವುದು ಮಧ್ಯಾಹ್ನ ಮೂರಕ್ಕೆ ಮನೆಗೆ ಬಿಡುತ್ತೋ ಅದು ಒಳ್ಳೆ ವಿಮಾನ ಕಣಪ್ಪ."

ಎಲ್ಲರೂ ನಕ್ಕರು. ಭಾವ ತಮಾಷೆ ಮಾಡಿರಲಿಲ್ಲ ಎಂಬುದು ನನಗೆ ತಿಳಿದದ್ದು ಆಮೇಲೆ.

ನಮ್ಮಲ್ಲಿ ತಿಂಗಳ ಹಾರಾಟಗಳನ್ನೆಲ್ಲ ಒಬ್ಬೊಬ್ಬರಿಗೆ ಒಂದರಂತೆ ಸಾಲುಗಳಾಗಿ ಕಟ್ಟಿ ಮುಂದಿಡುತ್ತಾರೆ. ಯಾವ ಸಾಲು ಬೇಕೆಂದು ಪ್ರತಿಯೊಬ್ಬರೂ ಬರೆದು ಕೊಡಬೇಕು. ಹಿರಿತನದ ನಂಬರಿನ ಪ್ರಕಾರ ಹಂಚುತ್ತಾರೆ. ಕೋ-ಪೈಲಟ್‌ಗಳ ಪಟ್ಟಿಯಲ್ಲಿ ಭಾವನೇ ನಂಬರ್ ಒಂದು. ಅವರು ಕೇಳಿದ ಸಾಲಿಗೆ ಅಡ್ಡ ಬರುವವರಿಲ್ಲ. ಬೆಳಗಿನ ಜಾವ ಹೊರಡುವ ಚಿಕ್ಕ ಚಿಕ್ಕ ಹಾರಾಟಗಳನ್ನೇ ಆರಿಸಿಕೊಂಡು ಎರಡೂವರೆಗೆಲ್ಲ ಕೆಲಸ ಮುಗಿಸುತ್ತಾರೆ. ಆದರೆ ಕ್ಯಾಪ್ಟನ್ ಆದ ದಿನ ಆ ನಂಬರು ಹೋಗುತ್ತದೆ. ಕ್ಯಾಪ್ಟನ್ನರ ಪಟ್ಟಿಯಲ್ಲಿ ಕಟ್ಟಕಡೆಯವರಾಗಿ ನಿಂತು, ಮುಂದಿನವರೆಲ್ಲ ಬಿಟ್ಟ ಉಳಿಕೆಯನ್ನು ತೆಗೆದುಕೊಳ್ಳಬೇಕು. ಹೆಸರಿಗೆ ಒಡೆಯ, ರೋಸ್ಟರಿಗೆ ಆಳು.

ಅಕ್ಕ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸು. ರಾತ್ರಿ ಪಾಳಿ ಅವಳಿಗೆ ಪ್ರಾಣ. ಹಗಲಿನ ಪಾಳಿಗೆ ಬಾ ಎಂದು ಕರೆದರೂ ಹೋಗಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು ಮಲಗಿದರೆ ಮೂರಕ್ಕೆ ಏಳುತ್ತಾಳೆ, ರಾತ್ರಿ ಎಂಟಕ್ಕೆ ಮತ್ತೆ ಹೊರಡುತ್ತಾಳೆ. ಮಗಳು ಕಾಲೇಜಿನ ಹಾಸ್ಟೆಲಿನಲ್ಲಿದ್ದಾಳೆ. ಗಂಡ ಹೆಂಡತಿಗೆ ದಿನಕ್ಕೆ ಸಿಗುವುದು ಐದು ಗಂಟೆಯ ಸಂಸಾರ. ಆ ಐದು ಗಂಟೆಗೆ ಅವರ ಮನೆಗೆ ಹೋದರೆ ಅಡುಗೆಮನೆಯಿಂದ ನಗು ಕೇಳಿಸುತ್ತದೆ. ಒಬ್ಬರು ತೊಳೆದ ಪಾತ್ರೆಯನ್ನು ಇನ್ನೊಬ್ಬರು ಒರೆಸುತ್ತಾ, ಯಾವ ಮಗು ನೂರು ಗ್ರಾಂ ತೂಕ ಹೆಚ್ಚಿತು, ಯಾವ ಪ್ರಯಾಣಿಕ ಶೂ ಮರೆತು ಇಳಿದುಹೋದ ಎಂದು ಹರಟೆ ಕೊಚ್ಚುತ್ತಿರುತ್ತಾರೆ. ಅಂಥ ಸುಖದ ಮನೆಗೆ ಬೆಂಕಿ ಹಚ್ಚಿದವನು ನಾನು.

ಈ ವರ್ಷ ನನ್ನ ಸರದಿ ಬಂತು. ಕ್ಯಾಪ್ಟನ್ ಪರೀಕ್ಷೆ ಪಾಸಾಗುವ ತನಕ ಮನೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ನಾಲ್ಕು ಪಟ್ಟಿ ಹೆಗಲಿಗೇರಿದ ದಿನ ನೇರ ಅಕ್ಕನ ಮನೆಗೆ ಹೋದೆ. ಭಾವ ತರಕಾರಿ ತರಲು ಹೋಗಿದ್ದರು. ಅಕ್ಕ ನನ್ನ ಎರಡೂ ಹೆಗಲು ಮುಟ್ಟಿ ಮುಟ್ಟಿ ನೋಡಿದಳು, ಕಣ್ಣು ತುಂಬಿಕೊಂಡಳು. ಖುಷಿಯ ಭರದಲ್ಲಿ ನನ್ನ ನಾಲಿಗೆ ಜಾರಿತು.

"ಭಾವನೂ ಈ ಸಲವಾದ್ರೂ ಹೂಂ ಅಂದ್ಬಿಟ್ರೆ ಒಂದೇ ವರ್ಷ ಇಬ್ಬರೂ ಕ್ಯಾಪ್ಟನ್ ನೋಡು ಅಕ್ಕ!"

"ಈ ಸಲವಾದ್ರೂ ಅಂದ್ರೆ?"

"ಎರಡು ಸಲ ಬೇಡ ಅಂದ್ರಲ್ಲ..." ಎಂದೆ. ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು, ಅವಳಿಗೆ ಇದಾವುದೂ ತಿಳಿದಿರಲಿಲ್ಲ. ಕಂಪನಿಯವರು ಆರು ವರ್ಷದ ಹಿಂದೊಮ್ಮೆ, ಮೂರು ವರ್ಷದ ಹಿಂದೊಮ್ಮೆ ಕ್ಯಾಪ್ಟನ್ ಆಗು ಎಂದು ಕರೆದಿದ್ದರು. ಎರಡು ಸಲವೂ ಭಾವ ಬೇಡ ಎಂದು ಬರೆದುಕೊಟ್ಟು, ಮನೆಯಲ್ಲಿ "ಕಂಪನಿ ಬೆಳೀತಾ ಇಲ್ಲ ಕಣೇ, ಸೀಟೇ ಖಾಲಿ ಇಲ್ಲ" ಎಂದಿದ್ದರು. ಅಕ್ಕನಿಗೆ ಎಲ್ಲ ಗೊತ್ತಿದೆ ಎಂದು ನಾನಂದುಕೊಂಡಿದ್ದೆ. ಆ ಮಾತೆತ್ತಿದರೆ ಭಾವನನ್ನು ಹಂಗಿಸಿದಂತಾಗುತ್ತದೆಂದು ಸುಮ್ಮನಿದ್ದೆ.

"ಆರು ವರ್ಷ ಕಣೋ," ಎಂದಳು ಅಕ್ಕ. "ಪಾಪ, ಇವರ ಸರದಿ ಬರ್ತಾ ಇಲ್ಲ ಅಂದ್ಕೊಂಡು, ಮನಸ್ಸಿಗೆ ಹಚ್ಕೋಬೇಡಿ ಅಂತ ಎಷ್ಟು ಸಲ ಸಮಾಧಾನ ಮಾಡಿದ್ದೀನಿ! ತಲೆ ಬೇರೆ ಸವರಿದ್ದೀನಿ! ಕಲ್ಲಿನ ಹಾಗೆ ಕೂತು ಸವರಿಸ್ಕೊಂಡ್ರಲ್ಲೋ!"

ಆವತ್ತಿನಿಂದ ಅವಳು ಗಂಡನ ಜೊತೆ ಮಾತು ಬಿಟ್ಟಳು. ಊಟ ಬಡಿಸುತ್ತಿದ್ದಳು, ಬಟ್ಟೆ ಮಡಿಸಿಡುತ್ತಿದ್ದಳು, ಮಾತಿಲ್ಲ. ಇದರ ನಡುವೆ ಕಂಪನಿಯಿಂದ ಭಾವನಿಗೆ ಮೂರನೇ ಕಾಗದ ಬಂತು. ವಿಮಾನಗಳು ಹೆಚ್ಚುತ್ತಿರುವುದರಿಂದ ನಿಯಮವೂ ಬದಲಾಗಿತ್ತು. ಈ ಸಲ ಬೇಡ ಎಂದವರನ್ನು ಇನ್ನೆಂದೂ ಕೇಳುವುದಿಲ್ಲ. ನಿವೃತ್ತಿಯ ತನಕ ಬಲಗಡೆಯೇ. ಉತ್ತರ ಕೊಡಲು ಶುಕ್ರವಾರದವರೆಗೆ ಸಮಯ.

ಬುಧವಾರ ರೋಸ್ಟರ್ ಮೇಡಂ ನಮ್ಮಿಬ್ಬರನ್ನೂ ಒಂದೇ ವಿಮಾನಕ್ಕೆ ಹಾಕಿದರು. ಹೊಸ ಕ್ಯಾಪ್ಟನ್ ಪಕ್ಕ ಹಳೆಯ ಕೈ ಇರಬೇಕು ಎಂಬುದು ಕ್ರಮ. ಭಾವ ಎಡಗಡೆಯ ನನ್ನ ಸೀಟಿನ ಬೆಲ್ಟು ತಾವೇ ಸರಿಮಾಡಿ, "ಅಪ್ಪಣೆ ಆಗ್ಲಿ ಕ್ಯಾಪ್ಟನ್ ಸಾಹೇಬ್ರೇ" ಎಂದರು. ನನಗೆ ಮುಖವೆತ್ತಲು ಸಂಕೋಚವಾಯಿತು.

ಇಳಿಯುವಾಗ ಗಾಳಿ ಹಿಂದಿನಿಂದ ತಳ್ಳುತ್ತಿತ್ತು. ಸಮಯಕ್ಕೆ ಸರಿಯಾಗಿ ಇಳಿಸಬೇಕೆಂಬ ಹಟ ನನಗೆ. ರನ್‌ವೇ ಎದುರಿಗೇ ಇತ್ತು. "ವೇಗ ಜಾಸ್ತಿ," ಎಂದರು ಭಾವ. "ಸರಿ ಹೋಗುತ್ತೆ," ಎಂದೆ. ಅವರು ವೇಗದ ಅಂಕಿಯನ್ನು ಇನ್ನೊಮ್ಮೆ ನೋಡಿದರು. ಆಮೇಲೆ, ಮನೆಯಲ್ಲಿ ನಾನೆಂದೂ ಕೇಳದ ದನಿಯಲ್ಲಿ, "ಇಲ್ಲ. ಮೇಲಕ್ಕೆ," ಎಂದರು. ಮರುಮಾತಾಡದೆ ವಿಮಾನವನ್ನು ಮೇಲೆತ್ತಿದೆ. ಒಂದು ಸುತ್ತು ಹಾಕಿ ಹನ್ನೊಂದು ನಿಮಿಷ ತಡವಾಗಿ, ಮೆತ್ತಗೆ ಇಳಿದೆವು. ಭಾವ ಮೈಕು ಹಿಡಿದು ಪ್ರಯಾಣಿಕರಿಗೆ "ಗಾಳಿ ಸ್ವಲ್ಪ ತಳ್ತಿತ್ತು, ಅವಸರ ಬೇಡ ಅಂತ ಕ್ಯಾಪ್ಟನ್ ಇನ್ನೊಂದು ಸುತ್ತು ಹಾಕಿದರು" ಎಂದು ಹೇಳಿದರು. ಒಳ್ಳೆಯ ಹೆಸರನ್ನು ನನಗೇ ಬಿಟ್ಟುಕೊಟ್ಟರು.

ಇಂಥವರು ಹೆದರುವವರಲ್ಲ. ವ್ಯಾನಿನ ಕಡೆ ನಡೆಯುವಾಗ ತಡೆಯಲಾರದೆ ಕೇಳಿದೆ. "ಮತ್ತ್ಯಾಕೆ ಭಾವ? ನಿಮ್ಮ ಕೈಲಿ ಆಗಲ್ಲ ಅಂತಲ್ಲವಲ್ಲ?"

"ಆಗುತ್ತೆ ಕಣಯ್ಯಾ. ಬೇಡ ಅಷ್ಟೇ," ಎಂದು ಅವರು ಚೀಲ ಎಳೆಯುತ್ತಾ ನಡೆದರು. "ನೀವೆಲ್ಲ ಬೇಡ ಅನ್ನೋದನ್ನ ನಂಬೋದೇ ಇಲ್ವಲ್ಲ. ಹೆದರಿಕೆ ಅಂತೀರಿ, ತ್ಯಾಗ ಅಂತೀರಿ."

ಗುರುವಾರ ಮಧ್ಯಾಹ್ನ ಅಕ್ಕನೇ ಫೋನು ಮಾಡಿ ಕರೆದಳು. "ನೀನೂ ಬಾ. ಇವರು ಮತ್ತೆ ಸುಳ್ಳಿಗೆ ಬಣ್ಣ ಹಚ್ಚಿದ್ರೆ ಹೇಳೋಕೊಬ್ಬ ಬೇಕು." ಹೋದೆ. ಸಂಜೆ ನನಗೆ ಡ್ಯೂಟಿ ಇದ್ದದ್ದರಿಂದ ಸಮವಸ್ತ್ರದಲ್ಲೇ ಇದ್ದೆ. ಊಟದ ಮೇಜಿನ ಮೇಲೆ ಕಂಪನಿಯ ಕಾಗದವಿತ್ತು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಭಾವ.

"ನನ್ನಿಂದ ಯಾಕೆ ಮುಚ್ಚಿಟ್ರಿ?"

"ನಿನ್ನನ್ನೂ ಹಗಲು ಪಾಳಿಗೆ ಕರೆದಿದ್ರು. ನೀನೂ ಬೇಡ ಅಂದೆ. ಅದೇ ಥರ ಇದು," ಎಂದರು ಭಾವ.

"ನಾನು ನಿಮಗೆ ಹೇಳಿ ಬೇಡ ಅಂದೆ ಕಣ್ರೀ!"

ಭಾವ ತಗ್ಗಿದ ದನಿಯಲ್ಲಿ ಹೇಳಿದರು. "ಮೂರಕ್ಕೆ ನೀನು ಎದ್ದಾಗ ನಾನು ಮನೇಲಿರ್ಬೇಕು. ನಂಗೆ ಆಸೆ ಇರೋದು ಅದೊಂದೇ. ಎಡಗಡೆ ಸೀಟಿನ ಆಸೆ ಯಾವತ್ತೂ ಇರ್ಲಿಲ್ಲ. ಇದನ್ನ ಹೇಳಿದ್ರೆ ನೀನು, ನನಗೋಸ್ಕರ ಬಿಡಬೇಡಿ, ಹೋಗಿ ಅಂತಿದ್ದೆ."

"ಹೌದು, ಅಂತಿದ್ದೆ. ಈಗ್ಲೂ ಅಂತೀನಿ. ನನ್ನ ಸೆರಗಿನ ಹಿಂದೆ ಅವಿತ್ಕೊಂಡ್ರು ಅಂತ ನಾಳೆ ನಾಲ್ಕು ಜನ ಆಡ್ಕೋಬಾರ್ದು. ಹೋಗಿ, ಕ್ಯಾಪ್ಟನ್ ಆಗಿ. ಹೋಗ್ತೀರಾ?"

ಭಾವ ಅವಳನ್ನು ನೋಡಿದರು. ಒಂದು ತಮಾಷೆ ಬರುತ್ತದೆಂದು ನಾನು ಕಾದೆ. ಬರಲಿಲ್ಲ. "ಹೂಂ, ಹೋಗ್ತೀನಿ," ಎಂದರು. ಕನ್ನಡಕ ಏರಿಸಿಕೊಂಡು ಕಾಗದವನ್ನು ಹತ್ತಿರಕ್ಕೆಳೆದರು. 'ಒಪ್ಪಿದ್ದೇನೆ' ಎಂಬುದರ ಎದುರಿನ ಚೌಕದ ಮೇಲೆ ಪೆನ್ನು ಇಟ್ಟರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹೇಳಿದ ಕೆಲಸ ಮಾಡಿ ಮುಗಿಸುವ ಮನುಷ್ಯನ ಮುಖ ಅದು. ಅಡುಗೆಮನೆಯಲ್ಲಿ ನಗುವ ಭಾವ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಅಕ್ಕ ಥಟ್ಟನೆ ಕಾಗದ ಕಿತ್ತುಕೊಂಡಳು. ಪೆನ್ನಿನ ಗೀಟು ಮೇಜಿನ ತನಕ ಹರಿಯಿತು.

"ಇಷ್ಟು ಸುಲಭಕ್ಕೆ ಹೂಂ ಅನ್ನೋದಾ?"

"ನೀನು ಹೇಳಿದ್ಯಲ್ಲ."

"ನಾನು ಹೇಳಿದ್ರೆ ಬಾವಿಗೂ ಬೀಳ್ತೀರಾ?"

"ಬೀಳ್ತೀನಿ. ನೀನು ಹೋಗಿ ಅಂದ್ರೆ ಹೋಗಲೇಬೇಕು ನಾನು. ಆರು ವರ್ಷ ಬಾಯಿ ಮುಚ್ಕೊಂಡಿದ್ದು ಅದಕ್ಕೇ."

ಅಕ್ಕ ಬಿಕ್ಕಿದಳು. ಅಳುತ್ತಲೇ ನಕ್ಕಳು. ಸೆರಗಿನಿಂದ ಮೂಗು ಒರೆಸಿಕೊಂಡು ಕಾಗದವನ್ನು ವಾಪಸು ಅವರ ಮುಂದೆ ತಳ್ಳಿದಳು. "ಬೇಡ ಅಂತ ಬರೀರಿ. ಇವತ್ತು ನನ್ನ ಕಣ್ಣೆದುರಿಗೆ ಬರೀರಿ. ಇನ್ನು ಮೇಲೆ ನನ್ನ ಹತ್ರ ಏನಾದ್ರೂ ಮುಚ್ಚಿಟ್ರೆ ಆ ವಿಮಾನದಲ್ಲೇ ಸಂಸಾರ ಮಾಡ್ಕೊಳ್ಳಿ!" ಭಾವ ಬರೆದು ಸಹಿ ಹಾಕಿದರು. "ತಲೆ ಸವರೋದು ಮಾತ್ರ ನಿಲ್ಲಿಸಬೇಡ ಮಾರಾಯ್ತಿ," ಎಂದರು. ಅಕ್ಕ ಅವರ ತಲೆಗೊಂದು ಮೊಟಕಿದಳು.

ನಾನು ಟೋಪಿ ತೆಗೆದುಕೊಂಡು ಎದ್ದೆ. ಕಂಪನಿಗೆ ನಲವತ್ತು ವಿಮಾನ ಬರಲಿ, ನಾನೂರು ಬರಲಿ, ಈ ಮನುಷ್ಯನಿಗೆ ಬೇಕಾದದ್ದು ಸಿಕ್ಕಿದೆ ಎಂದು ನನ್ನ ಎದೆ ತುಂಬಿಬಂತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಅಕ್ಕ ಬಾಗಿಲ ತನಕ ಬಂದು ನನ್ನ ಹೆಗಲ ಪಟ್ಟಿ ಸರಿಮಾಡಿದಳು.

"ಮತ್ತೆ ಯಾವತ್ತು ಬರ್ತೀಯೋ ಊಟಕ್ಕೆ?"

ಫೋನು ತೆಗೆದು ರೋಸ್ಟರ್ ನೋಡಿದೆ. ಕ್ಯಾಪ್ಟನ್ನರ ಪಟ್ಟಿಯ ಕಟ್ಟಕಡೆಯವನಿಗೆ ಉಳಿದ ಸಾಲು ಅದು; ಮೂರರಿಂದ ಎಂಟರ ನಡುವೆ ನಾನು ಊರಲ್ಲಿರುವ ದಿನಕ್ಕೆ ಬೆರಳಿನಿಂದ ಬಹಳ ಕೆಳಕ್ಕೆ ಸರಿಸಬೇಕಾಯಿತು. "ಹತ್ತೊಂಬತ್ತು ದಿನ ಆಗುತ್ತೆ ಅಕ್ಕ," ಎಂದೆ.